ಒಂದು ಅರ್ಜಿ ಕಾಲೇಜಿಗೆ, ಇನ್ನೊಂದು ಸೇನೆಗೆ

ಅಮೆರಿಕದಲ್ಲಿ ಸೇನಾಧಿಕಾರಿಯಾಗಬೇಕೆಂದಿರುವ ಹೈಸ್ಕೂಲು ವಿದ್ಯಾರ್ಥಿ ವೆಸ್ಟ್ ಪಾಯಿಂಟ್, ಅನಾಪೊಲಿಸ್‌ಗಳಂಥ ಸರ್ಕಾರಿ ಅಕಾಡೆಮಿ ಸೇರಬಹುದು. ಇಲ್ಲವೇ ಸಾಮಾನ್ಯ ಕಾಲೇಜಿನಲ್ಲಿ ಓದುತ್ತಲೇ ಮೀಸಲು ಅಧಿಕಾರಿ ತರಬೇತಿ ದಳದಲ್ಲಿ, ಅಂದರೆ ಆರ್‌ಒಟಿಸಿಯಲ್ಲಿ, ಕವಾಯತು ಕಲಿತು ಪದವಿಯ ದಿನವೇ ಕಮಿಷನ್ ಪಡೆಯಬಹುದು. ನಮ್ಮ ಎನ್‌ಸಿಸಿಯನ್ನು ಇದಕ್ಕೆ ಹೋಲಿಸುವುದುಂಟು. ಆದರೆ ಎನ್‌ಸಿಸಿಯ ಸರ್ಟಿಫಿಕೇಟು ಹಿಡಿದವನು ಮತ್ತೆ ಆಯ್ಕೆ ಮಂಡಳಿಯ ಮುಂದೆ ನಿಲ್ಲಬೇಕು. ಆರ್‌ಒಟಿಸಿ ನೇರವಾಗಿ ಅಧಿಕಾರಿಗಳನ್ನೇ ತಯಾರಿಸುತ್ತದೆ. ಆರ್‌ಒಟಿಸಿಯ ದಾರಿಯಲ್ಲಿ ದುಬಾರಿ ಖಾಸಗಿ ಕಾಲೇಜನ್ನು ಬಯಸುವವನಿಗೆ ಅದರ ಪ್ರವೇಶವೂ, ಶುಲ್ಕ ಭರಿಸುವ ಸೇನೆಯ ವಿದ್ಯಾರ್ಥಿವೇತನವೂ ಒಂದೇ ವರ್ಷ ಕೈಗೂಡಬೇಕು. ಇವೆರಡೂ ಒಂದಕ್ಕೊಂದು ಗಂಟುಬಿದ್ದದ್ದಕ್ಕೆ ಇನ್ನೂರು ವರ್ಷಗಳ ಕಥೆಯಿದೆ.

ಆ ಕಥೆ ವೆಸ್ಟ್ ಪಾಯಿಂಟ್‌ನೊಡನೆ ಜಗಳವಾಡಿ ಹೊರಬಂದ ಒಬ್ಬನಿಂದ ಶುರುವಾಗುತ್ತದೆ. ಆ ಅಕಾಡೆಮಿಯ ಮುಖ್ಯಸ್ಥನಾಗಿದ್ದ ಆಲ್ಡನ್ ಪಾರ್ಟ್ರಿಜ್ ಸೇನಾ ವಿಚಾರಣೆಗೆ ಗುರಿಯಾಗಿ ಕೆಲಸ ಬಿಟ್ಟ. 1819ರಲ್ಲಿ ವರ್ಮಾಂಟ್ ರಾಜ್ಯದ ನಾರ್ವಿಚ್ ಊರಿನಲ್ಲಿ ಸ್ವಂತದ್ದೊಂದು ಖಾಸಗಿ ಶಾಲೆ ತೆರೆದ. ಸರ್ಕಾರದ ಖರ್ಚಿನಲ್ಲಿ ತಯಾರಾಗುವ ಕಸುಬಿನ ಅಧಿಕಾರಿಗಳು ಪ್ರಜಾಪ್ರಭುತ್ವದಲ್ಲಿ ಹೊಸ ಶ್ರೀಮಂತಶಾಹಿಯಾಗುತ್ತಾರೆ, ದೇಶವನ್ನು ಕಾಯಬೇಕಾದವನು ನಾಗರಿಕ ಯೋಧ ಎಂಬುದು ಅವನ ವಾದ. ಅಲ್ಲಿ ಸಾಹಿತ್ಯ, ಕೃಷಿ, ಎಂಜಿನಿಯರಿಂಗ್ ಜೊತೆಗೇ ಕವಾಯತು ನಡೆಯುತ್ತಿತ್ತು. ಹುಡುಗರನ್ನು ದಿನಗಟ್ಟಲೆ ಕಾಲ್ನಡಿಗೆಯ ಪ್ರವಾಸಕ್ಕೆ ಒಯ್ಯುತ್ತಿದ್ದ. ವೈಯಕ್ತಿಕ ಮುನಿಸೂ ಇದರಲ್ಲಿ ಬೆರೆತಿದ್ದೀತು. ಆದರೂ ಮುನಿಸಿನಿಂದ ಹುಟ್ಟಿದ ಆ ಶಾಲೆ 1834ರಲ್ಲಿ ನಾರ್ವಿಚ್ ವಿಶ್ವವಿದ್ಯಾಲಯವಾಯಿತು, ಇಂದಿಗೂ ನಡೆಯುತ್ತಿದೆ.

ಪಾರ್ಟ್ರಿಜ್‌ನ ವಿಚಾರಕ್ಕೆ ಕಾಯ್ದೆಯ ಬಲ ಬಂದದ್ದು ಅಂತರ್ಯುದ್ಧದ ನಡುವೆ. ಅದೇ ವರ್ಮಾಂಟ್‌ನ ಕಾಂಗ್ರೆಸ್ ಸದಸ್ಯ ಜಸ್ಟಿನ್ ಮೊರಿಲ್ ಕೃಷಿ ಮತ್ತು ಯಂತ್ರಕಲೆಯ ಕಾಲೇಜುಗಳಿಗಾಗಿ ತಂದಿದ್ದ ಮಸೂದೆಯನ್ನು 1859ರಲ್ಲಿ ಅಧ್ಯಕ್ಷ ಬುಕಾನನ್ ತಳ್ಳಿಹಾಕಿದ್ದರು. ಯುದ್ಧ ಶುರುವಾದಾಗ ಉತ್ತರಕ್ಕೆ ತರಬೇತಾದ ಅಧಿಕಾರಿಗಳ ಕೊರತೆ ಎದ್ದು ಕಂಡಿತು. ಮೊರಿಲ್ ಮಸೂದೆಗೆ ಸೇನಾ ತಂತ್ರದ ಬೋಧನೆಯನ್ನೂ ಸೇರಿಸಿದ. 1862ರ ಜುಲೈ 2ರಂದು ಲಿಂಕನ್ ಸಹಿ ಹಾಕಿದರು. ಕಾಂಗ್ರೆಸ್ಸಿನ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆಯಂತೆ ರಾಜ್ಯಗಳಿಗೆ ಜಮೀನು ಸಿಕ್ಕಿತು. ಇದರ ಫಲ ಉಂಡವು ಬಹುಪಾಲು ಸರ್ಕಾರಿ ಕಾಲೇಜುಗಳೇ. ಆದರೆ ಖಾಸಗಿ ಸಂಸ್ಥೆಗಳಾದ ಕಾರ್ನೆಲ್ ಮತ್ತು ಎಂಐಟಿಗೂ ಪಾಲು ಬಂದು, ಜಮೀನಿನ ಹಿಂದೆಯೇ ಕವಾಯತೂ ಬಂತು.

ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಂಥ ಹಳೆಯ ಮನೆತನಗಳಿಗೆ ಇಂಥ ಜಮೀನಿನ ಹಂಗು ಇರಲಿಲ್ಲ. ಅವನ್ನು ಸೇನೆಯತ್ತ ಸೆಳೆದದ್ದು ಜನರಲ್ ಲೆನರ್ಡ್ ವುಡ್. 1913ರಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳಿಗಾಗಿ ಬೇಸಿಗೆ ಶಿಬಿರಗಳನ್ನು ತೆರೆದರು. ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ, 1915ರಲ್ಲಿ, ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್‌ನಲ್ಲಿ ವಕೀಲರು, ಬ್ಯಾಂಕಿನವರು ಸ್ವಂತ ಖರ್ಚಿನಲ್ಲಿ ಬಂದೂಕು ಹಿಡಿದು ಅಭ್ಯಾಸ ಮಾಡಿದರು. ಮರುವರ್ಷ ಜೂನ್ 3ರ ರಾಷ್ಟ್ರೀಯ ರಕ್ಷಣಾ ಕಾಯ್ದೆಯಿಂದ ಆರ್‌ಒಟಿಸಿ ಹುಟ್ಟಿತು. ಮೊದಲು ಸೇರಿಕೊಂಡ ಸಂಸ್ಥೆಗಳಲ್ಲಿ ಹಾರ್ವರ್ಡ್ ಕೂಡ ಒಂದು. ನೌಕಾದಳ 1926ರಲ್ಲಿ ತನ್ನದೇ ಘಟಕಗಳನ್ನು ಆರು ವಿಶ್ವವಿದ್ಯಾಲಯಗಳಲ್ಲಿ ತೆರೆದಾಗ ಅವುಗಳಲ್ಲಿ ಮೂರು, ಹಾರ್ವರ್ಡ್, ಯೇಲ್ ಮತ್ತು ನಾರ್ತ್‌ವೆಸ್ಟರ್ನ್, ಖಾಸಗಿಯವು.

ಖಾಸಗಿ ಕಾಲೇಜುಗಳು ಸೇನೆಯನ್ನು ಬರಮಾಡಿಕೊಂಡದ್ದು ಬರೀ ದೇಶಭಕ್ತಿಯಿಂದ ಎನ್ನಲಾಗದು. ಯುದ್ಧ ಬಂದರೆ ಹುಡುಗರು ರಣರಂಗಕ್ಕೆ ಹೋಗುತ್ತಾರೆ, ತರಗತಿ ಖಾಲಿ, ಶುಲ್ಕವೂ ಖಾಲಿ. 1918ರ ಅಕ್ಟೋಬರ್ 1ರಂದು ಸರ್ಕಾರದ ಯೋಜನೆಯೊಂದರಡಿ 500ಕ್ಕೂ ಹೆಚ್ಚು ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ದಿನ ಸೈನಿಕರಾಗಿ ಪ್ರಮಾಣ ಮಾಡಿದರು. ಅವರ ಶುಲ್ಕ, ಊಟ, ವಸತಿಯೆಲ್ಲ ಸರ್ಕಾರದ ಲೆಕ್ಕಕ್ಕೆ. ಇನ್‌ಫ್ಲುಯೆಂಜಾ ಪಿಡುಗು ಬೇರೆ ಆಗ ಅಬ್ಬರಿಸುತ್ತಿತ್ತು. ನವೆಂಬರಿನಲ್ಲಿ ಯುದ್ಧ ನಿಂತು, ಡಿಸೆಂಬರಿನಲ್ಲಿ ಆ ಯೋಜನೆ ಮುಚ್ಚಿತು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ವಿ-12 ಯೋಜನೆ ಇದಕ್ಕಿಂತ ಚೆನ್ನಾಗಿ ನಡೆಯಿತು: 1943ರಿಂದ 1946ರವರೆಗೆ 131 ಕಾಲೇಜುಗಳಲ್ಲಿ 1,25,000ದಷ್ಟು ಮಂದಿ ಕಲಿತರು. ಹಲವು ಸಣ್ಣ ಖಾಸಗಿ ಕಾಲೇಜುಗಳು ಬಾಗಿಲು ಹಾಕದೆ ಉಳಿದದ್ದು ಇದರಿಂದಲೇ. ಇಂಡಿಯಾನಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ನಾಟರ್‌ಡೇಮ್ ಆಗಿನ ಉಪಕಾರವನ್ನು ಮರೆತಿಲ್ಲ. ನೌಕಾ ಅಕಾಡೆಮಿ ಬಯಸುವಷ್ಟು ಕಾಲ ಅದರೊಡನೆ ಫುಟ್‌ಬಾಲ್ ಪಂದ್ಯ ಆಡುತ್ತೇವೆಂಬ ಆಹ್ವಾನ ಆ ಋಣದ ಗುರುತು.

ಅಲ್ಲಿಯವರೆಗೂ ಆರ್‌ಒಟಿಸಿ ಸೇರುವವನಿಗೆ ಕಾಲೇಜಿನ ಖರ್ಚು ಮನೆಯದೇ. ಅದನ್ನು ಬದಲಿಸಿದ್ದು 1946ರ ಹಾಲೊವೆ ಯೋಜನೆ. ಯುದ್ಧಾನಂತರದ ನೌಕಾದಳಕ್ಕೆ ಬೇಕಾಗುವಷ್ಟು ಅಧಿಕಾರಿಗಳನ್ನು ಅನಾಪೊಲಿಸ್‌ನ ನೌಕಾ ಅಕಾಡೆಮಿ ಒಂದೇ ಕೊಡಲಾರದು ಎಂದು ಕಂಡುಕೊಂಡ ರಿಯರ್ ಅಡ್ಮಿರಲ್ ಜೇಮ್ಸ್ ಹಾಲೊವೆ, ಸ್ಪರ್ಧೆಯಲ್ಲಿ ಗೆದ್ದವರಿಗೆ ಕಾಲೇಜು ಶುಲ್ಕವನ್ನೂ ತಿಂಗಳಿಗೆ 50 ಡಾಲರನ್ನೂ ಕೊಡುವ ವ್ಯವಸ್ಥೆ ರೂಪಿಸಿದರು. ಅದಕ್ಕೆ ಬದಲಾಗಿ ವಿದ್ಯಾರ್ಥಿ ತನ್ನ ಕೆಲವು ವರ್ಷಗಳನ್ನು ಸೇನೆಗೆ ಬರೆದುಕೊಡಬೇಕಿತ್ತು. ಕೂಲಿಕಾರನ ಮಗನಿಗೂ ಯೇಲ್, ಪ್ರಿನ್ಸ್‌ಟನ್‌ಗಳ ಲೆಕ್ಕ ಹಾಕಲು ಕಾರಣ ಸಿಕ್ಕಿತು.

ಈ ಯೋಜನೆಯ ಅತಿ ಪ್ರಸಿದ್ಧ ಫಲಾನುಭವಿ ಮಾತ್ರ ಖಾಸಗಿ ಕಾಲೇಜನ್ನು ಬಿಟ್ಟುಕೊಟ್ಟವನು. ಒಹಾಯೊದ ನೀಲ್ ಆರ್ಮ್‌ಸ್ಟ್ರಾಂಗ್‌ಗೆ ಎಂಐಟಿಯಲ್ಲಿ ಸೀಟು ಸಿಕ್ಕಿತ್ತು. ಒಳ್ಳೆಯ ವಿದ್ಯೆಗೆ ಅಷ್ಟು ದೂರ ಹೋಗಬೇಕಿಲ್ಲ ಎಂಬ ಸಲಹೆ ಕೇಳಿ ಅವನು 1947ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯವಾದ ಪರ್ಡ್ಯೂ ಸೇರಿದ. ಸುಮಾರು ಒಂದೂವರೆ ವರ್ಷ ಓದಿದ ಮೇಲೆ ವಿಮಾನ ತರಬೇತಿಗೆ ಕರೆ ಬಂತು; ಕೊರಿಯಾ ಯುದ್ಧದಲ್ಲಿ ಹಾರಿ, ಮರಳಿ ಬಂದು, 1955ರಲ್ಲಿ ಪದವಿ ಮುಗಿಸಿದ. ಚಂದ್ರನ ಮೇಲೆ ಕಾಲಿಡಲು ಎಂಐಟಿಯ ಪದವಿಯೇನೂ ಬೇಕಾಗಲಿಲ್ಲ.

ಭೂಸೇನೆ ಮತ್ತು ವಾಯುಪಡೆಗೂ ಇಂಥ ವಿದ್ಯಾರ್ಥಿವೇತನ ದೊರೆತದ್ದು 1964ರ ಕಾಯ್ದೆಯಿಂದ. ಅಷ್ಟರಲ್ಲಿ ವಿಯೆಟ್ನಾಂ ಯುದ್ಧ ಬಿರುಸಾಯಿತು. ಕ್ಯಾಂಪಸ್ಸಿನಲ್ಲಿ ಯುದ್ಧದ ಕಣ್ಣಿಗೆ ಕಾಣುವ ಗುರುತೆಂದರೆ ಆರ್‌ಒಟಿಸಿ ಕಟ್ಟಡವೇ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದು 1970ರಲ್ಲಿ ಬೆಂಕಿಗೆ ಆಹುತಿಯಾಯಿತು. ಹಾರ್ವರ್ಡ್‌ನಲ್ಲಿ 1969ರ ಏಪ್ರಿಲ್ 9ರಂದು ವಿದ್ಯಾರ್ಥಿಗಳು ಆಡಳಿತ ಭವನವನ್ನೇ ವಶಪಡಿಸಿಕೊಂಡರು; ಮರುದಿನ ನಸುಕಿನಲ್ಲಿ ಪೊಲೀಸರು ಲಾಠಿ ಬೀಸಿ ತೆರವುಗೊಳಿಸಿದರು. ಅಧ್ಯಾಪಕರ ತಕರಾರು ಇನ್ನೊಂದು ಬಗೆಯದು: ಕವಾಯತಿಗೆ ಪಠ್ಯದ ಅಂಕ ಏಕೆ, ತಾವು ಆರಿಸದ ಕರ್ನಲ್‌ಗೆ ಪ್ರಾಧ್ಯಾಪಕ ಹುದ್ದೆ ಏಕೆ? ಆದರೆ ಘಟಕದ ಮುಖ್ಯಸ್ಥನಿಗೆ ಆ ಹುದ್ದೆ ಕೊಡಲೇಬೇಕೆಂದು 1964ರ ಕಾಯ್ದೆಯೇ ಹೇಳುತ್ತಿತ್ತು. ಹಾಗಾಗಿ ಹುದ್ದೆ ಕಿತ್ತುಕೊಂಡರೆ ಘಟಕ ಹೊರಟಂತೆಯೇ. ಹಾರ್ವರ್ಡ್, ಯೇಲ್, ಕೊಲಂಬಿಯಾ, ಸ್ಟ್ಯಾನ್‌ಫರ್ಡ್‌ಗಳಿಂದ ಆರ್‌ಒಟಿಸಿ ತೆರಳಿತು. ಕಾರ್ನೆಲ್, ಎಂಐಟಿ, ನಾಟರ್‌ಡೇಮ್ ಉಳಿಸಿಕೊಂಡವು. ಪ್ರಿನ್ಸ್‌ಟನ್ ಕಳಿಸಿ, 1972ರಲ್ಲಿ ಮತ್ತೆ ಕರೆಸಿಕೊಂಡಿತು. ಮುಂದೆ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾದ ಜನರಲ್ ಮಾರ್ಕ್ ಮಿಲಿ 1980ರಲ್ಲಿ ಅಲ್ಲಿಂದಲೇ ಹೊರಬಂದವರು.

ಕಡ್ಡಾಯ ಸೇನಾ ಭರ್ತಿ 1973ರಲ್ಲಿ ನಿಂತಿತು, ಹೆಣ್ಣುಮಕ್ಕಳಿಗೂ ಆರ್‌ಒಟಿಸಿ ತೆರೆಯಿತು. ಇತ್ತ ಹಾರ್ವರ್ಡ್‌ನಲ್ಲಿ ಓದುತ್ತ ಸೇನೆ ಸೇರಬೇಕೆನ್ನುವವರು ಬೆಳಗ್ಗೆ ಎದ್ದು ನೆರೆಯ ಎಂಐಟಿಗೆ ಹೋಗಿ ಕವಾಯತು ಮಾಡಬೇಕಾಯಿತು. ಯುದ್ಧ ಮುಗಿದರೂ ಮುನಿಸು ಮುಗಿಯಲಿಲ್ಲ, ಕಾರಣವಷ್ಟೇ ಬದಲಾಯಿತು. ಸಲಿಂಗಿಗಳು ತಮ್ಮ ಗುರುತನ್ನು ಬಚ್ಚಿಟ್ಟರಷ್ಟೇ ಸೇನೆಯಲ್ಲಿರಬಹುದೆಂಬ 1993ರ ನಿಯಮ ತಮ್ಮ ಸಮಾನತೆಯ ನೀತಿಗೆ ವಿರುದ್ಧ ಎಂದು ಕಾಲೇಜುಗಳು ವಾದಿಸಿದವು. ಕಾಂಗ್ರೆಸ್ ಹಣದ ಹಗ್ಗ ಜಗ್ಗಿತು: ಆರ್‌ಒಟಿಸಿಯನ್ನೋ ಸೇನಾ ನೇಮಕಾತಿಯನ್ನೋ ತಡೆಯುವ ಸಂಸ್ಥೆಗೆ ಕೇಂದ್ರದ ಅನುದಾನ ಇಲ್ಲ ಎಂಬುದು ಸಾಲೊಮನ್ ತಿದ್ದುಪಡಿಯ ಸಾರ. ಕಾನೂನು ಕಾಲೇಜುಗಳು ಇದನ್ನು ಪ್ರಶ್ನಿಸಿ 2006ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದಿಂದ ಸೋತವು. 2010ರ ಡಿಸೆಂಬರಿನಲ್ಲಿ ಆ ನಿಯಮವನ್ನು ಕೈಬಿಡುವ ಕಾಯ್ದೆಯಾಯಿತು. 2011ರ ಮಾರ್ಚಿನಲ್ಲಿ ಹಾರ್ವರ್ಡ್ ನೌಕಾದಳದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಯೇಲ್, ಕೊಲಂಬಿಯಾಗಳೂ ಹಿಂಬಾಲಿಸಿದವು.

ಈ ಎಲ್ಲ ಜಟಾಪಟಿಯ ನಡುವೆಯೂ ಹಾಲೊವೆ ಕಟ್ಟಿದ ವ್ಯವಹಾರದ ಚೌಕಟ್ಟು ಹೆಚ್ಚು ಬದಲಾಗಿಲ್ಲ. ವಿದ್ಯಾರ್ಥಿವೇತನವನ್ನು ಸೇನೆಯ ಮಂಡಳಿ ಅಂಕ, ದೇಹದಾರ್ಢ್ಯ, ಸಂದರ್ಶನ ನೋಡಿ ಕೊಡುತ್ತದೆ. ಕಾಲೇಜಿನ ಪ್ರವೇಶ ಸಮಿತಿಗೆ ಅದರ ತಕ್ಕಡಿ ಬೇರೆ. ಸೇನೆ ಒಪ್ಪಿದರೂ ಕಾಲೇಜು ಒಪ್ಪದಿದ್ದರೆ ವಿದ್ಯಾರ್ಥಿವೇತನವನ್ನು ಬೇರೆ ಕಾಲೇಜಿಗೆ ವರ್ಗಾಯಿಸಿಕೊಳ್ಳಲು ಓಡಾಡಬೇಕು. ಕಾಲೇಜು ಒಪ್ಪಿ ಸೇನೆ ಒಪ್ಪದಿದ್ದರೆ ಸಾಲವೇ ಗತಿ. ಹೀಗಾಗಿ ಅರ್ಜಿ ಹಾಕುವವರು ಕನಸಿನ ಖಾಸಗಿ ಕಾಲೇಜಿನ ಜೊತೆಗೆ ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಕಾಲೇಜು ಸಿಕ್ಕಿದರೆ ಸಾಲದು, ಅಲ್ಲೇ ಅಥವಾ ಹತ್ತಿರದಲ್ಲಿ ಆರ್‌ಒಟಿಸಿ ಘಟಕವೂ ಇರಬೇಕು. ಶುಲ್ಕವನ್ನು ಸೇನೆ ಕಟ್ಟಿದರೆ ಊಟ, ವಸತಿಯ ಖರ್ಚನ್ನು ತಾವೇ ಭರಿಸಿ ಕೆಡೆಟ್‌ಗಳನ್ನು ಸೆಳೆಯುವ ಖಾಸಗಿ ಕಾಲೇಜುಗಳೂ ಇವೆ. ವಿದ್ಯಾರ್ಥಿ ಪ್ರತಿಯಾಗಿ ಹೊರಬೇಕಾದದ್ದು ಒಟ್ಟು 8 ವರ್ಷಗಳ ಬಾಧ್ಯತೆ. ಸಾಮಾನ್ಯವಾಗಿ ಮೊದಲ ನಾಲ್ಕೈದು ವರ್ಷ ಪೂರ್ಣಾವಧಿ ಸೇವೆ, ಉಳಿದದ್ದು ಮೀಸಲು ಪಡೆಯಲ್ಲಿ. ಪೈಲಟ್‌ಗಳಿಗೆ ಇನ್ನೂ ಹೆಚ್ಚು. ನಾಲ್ಕು ವರ್ಷದ ವಿದ್ಯಾರ್ಥಿವೇತನ ಪಡೆದವರು ಮೊದಲ ವರ್ಷ ಮುಗಿಯುವವರೆಗೆ ಹಣ ಹಿಂದಿರುಗಿಸದೆ ಹೊರಬರಬಹುದು; ಎರಡನೆಯ ವರ್ಷದ ತರಗತಿಗೆ ಕಾಲಿಟ್ಟ ಮೇಲೆ ಕರಾರು ಗಟ್ಟಿಯಾಗುತ್ತದೆ.