ಅಹಮದಾಬಾದಿನ ಗಿರಣಿ ನೇಕಾರರ ಪಗಾರವೂ 1918ರ ಪಂಚಾಯತಿಯೂ

ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಹೊರಬಿದ್ದಾಗ ವಿದ್ವಜ್ಜನರ ದೃಷ್ಟಿಯು ಸಹಜವಾಗಿಯೇ ಮಂಡಲ, ಷಾಡ್ಗುಣ್ಯ, ದಂಡನೀತಿಗಳ ಕಡೆಗೆ ಹರಿಯಿತು. ಸೂತ್ರಾಧ್ಯಕ್ಷನ ಅಧ್ಯಾಯದಲ್ಲಿ ಕೆಲಹೊತ್ತು ನಿಂತವರು ಕಡಿಮೆ. ಆದರೆ ಕೈಕಸಬಿನವನಿಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಶಾಸ್ತ್ರಬದ್ಧವಾಗಿ ಎತ್ತಿದ್ದು ಅಲ್ಲಿಯೇ. ನೂಲು ನಯವೋ, ದಪ್ಪವೋ, ಮಧ್ಯಮವೋ ಎಂಬುದನ್ನು ನೋಡಿ ವೇತನವನ್ನು ಗೊತ್ತುಮಾಡಬೇಕೆಂದೂ, ನೂಲು ಕಡಿಮೆಯಾದರೆ ವೇತನವನ್ನೂ ಕಡಿಮೆಮಾಡಬೇಕೆಂದೂ, ಹೆಚ್ಚು ಕೆಲಸ ಮಾಡಿದವರನ್ನು ಎಣ್ಣೆ ನೆಲ್ಲಿಗಳನ್ನಿತ್ತು ಸಂತೋಷಪಡಿಸಬೇಕೆಂದೂ ಆ ಗ್ರಂಥಕಾರನು ವಿಧಿಸುತ್ತಾನೆ. ಕೆಲಸದ ಮೇಲಿನ ಕೂಲಿ, ದಂಡ, ಬೋನಸ್ಸು ಈ ಮೂರೂ ಅಲ್ಲಿ ಬಂದುಹೋದವು. ಇವೆಲ್ಲ ಆವಿಯಂತ್ರದೊಡನೆ ಸಮುದ್ರ ದಾಟಿ ಬಂದವೆಂದು ತಿಳಿದವರು ಆ ಅಧ್ಯಾಯವನ್ನೊಮ್ಮೆ ತೆರೆದು ನೋಡಬೇಕು.

ಕೌಟಿಲ್ಯನು ಹೇಳದೆ ಬಿಟ್ಟ ಮಾತೊಂದುಂಟು. ಕೊಡುವವನೂ ಕೊಳ್ಳುವವನೂ ವೇತನದಲ್ಲಿ ಒಮ್ಮತಕ್ಕೆ ಬಾರದಿದ್ದರೆ, ಅರಸನಲ್ಲದ ಮೂರನೆಯವನೊಬ್ಬನು ಯಾವ ನ್ಯಾಯದಿಂದ ಅದನ್ನು ನಿರ್ಣಯಿಸಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ದೊರೆತ ಒಂದು ಉತ್ತರವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಅಹಮದಾಬಾದಿನಲ್ಲಿ ಮೊದಲನೆಯ ಹತ್ತಿಯ ಗಿರಣಿಯನ್ನು ರಣಛೋಡಲಾಲ ಛೋಟಾಲಾಲರು 1861ರಲ್ಲಿ ಆರಂಭಿಸಿದರು. ಮುಂದಿನ ಅರ್ಧಶತಮಾನದಲ್ಲಿ ಆ ಪಟ್ಟಣವು ಹೊಗೆಗೊಳವೆಗಳ ಕಾಡೇ ಆಯಿತು. ಗಿರಣಿಯ ಕೆಲಸಗಾರರೆಲ್ಲರ ಪಗಾರವೂ ಒಂದೇ ಬಗೆಯದಾಗಿರಲಿಲ್ಲ. ನೂಲುವ ಖಾತೆಯವರಿಗಿಂತ ನೇಯುವ ಖಾತೆಯವರ ಗಳಿಕೆ ಹೆಚ್ಚು. ಅದಕ್ಕೆ ಕಾರಣವು ಯಂತ್ರಮಗ್ಗದ ಸ್ವಭಾವದಲ್ಲಿಯೇ ಇದೆ. ಮಗ್ಗವು ತಾನೇ ಓಡುವದು ನಿಜ. ಆದರೆ ಹಾಸಿನ ಒಂದು ಎಳೆ ಕಡಿದರೆ ಅದು ತಾನೇ ಅರಿಯದು, ಬಟ್ಟೆಯನ್ನು ಕೆಡಿಸುತ್ತಲೇ ಓಡುವದು. ಎರಡು ಮಗ್ಗಗಳ ನಡುವೆ ನಿಂತ ನೇಕಾರನು ಕಡಿದ ಎಳೆಯನ್ನು ಕಣ್ಣಿನಿಂದ ಹಿಡಿದು, ಮಗ್ಗವನ್ನು ನಿಲ್ಲಿಸಿ, ಎಳೆಯನ್ನು ಕೂಡಿಸಿ, ಮತ್ತೆ ಓಡಿಸಬೇಕು. ಅಷ್ಟರಲ್ಲಿ ಇನ್ನೊಂದು ಮಗ್ಗದ ಲಾಳಿಯಲ್ಲಿ ಹೊಕ್ಕಿನ ನೂಲು ತೀರುತ್ತ ಬಂದಿರುವದು, ಅಲ್ಲಿ ಹೊಸ ಕಂಡಿಕೆಯನ್ನು ಹಾಕಬೇಕು. 1911ರ ಕಾರಖಾನೆ ಕಾಯಿದೆಯ ಪ್ರಕಾರ ಬಟ್ಟೆಗಿರಣಿಗಳಲ್ಲಿ ಗಂಡಾಳಿನ ದುಡಿತವು ದಿನಕ್ಕೆ 12 ತಾಸು. ನೇಕಾರನ ಪಗಾರವಾದರೋ ತಾಸಿನ ಮೇಲಿರಲಿಲ್ಲ, ನೆಯ್ದು ಇಳಿಸಿದ ಬಟ್ಟೆಯ ಮೇಲಿತ್ತು. ಆದುದರಿಂದ ಗಿರಣಿಯು ಕೆಟ್ಟ ನೂಲನ್ನು ಕೊಟ್ಟರೆ ಎಳೆ ಹೆಚ್ಚು ಕಡಿಯುವದು, ಮಗ್ಗ ಹೆಚ್ಚು ನಿಲ್ಲುವದು, ತನ್ನ ತಪ್ಪಿಲ್ಲದೆ ನೇಕಾರನ ಗಳಿಕೆ ಇಳಿಯುವದು. ಮುಕಾದಮನ ದಸ್ತೂರಿ, ಕೆಟ್ಟ ಬಟ್ಟೆಗಾಗಿ ದಂಡ ಇವು ಬೇರೆ. ಕೌಶಲಕ್ಕೆ ತಕ್ಕ ಕೂಲಿ ಎನ್ನುವ ಮಾತು ಕೇಳಲು ಇಂಪಾಗಿದೆ. ಕೌಶಲವು ಕೈಯಲ್ಲಿದ್ದರೂ ನೂಲು ಪರರ ಕೈಯಲ್ಲಿರುತ್ತಿತ್ತು.

1917ರಲ್ಲಿ ಆ ಪಟ್ಟಣದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಊರು ಬಿಟ್ಟರು. ಮಹಾಯುದ್ಧದ ದೆಸೆಯಿಂದ ವಿಲಾಯತಿಯ ಬಟ್ಟೆ ಬರುವದು ಕಡಿಮೆಯಾಗಿ ದೇಶದ ಗಿರಣಿಗಳಿಗೆ ಅದು ಸುಗ್ಗಿಯ ಕಾಲವಾಗಿತ್ತು. ಇಂಥ ಹೊತ್ತಿನಲ್ಲಿ ನೇಕಾರರು ಹಳ್ಳಿಗಳಿಗೆ ಹೋದರೆ ಮಗ್ಗಗಳು ನಿಲ್ಲುವವು. ಬೀದಿಯಿಂದ ಆಳು ತಂದು ಮಗ್ಗದ ಮುಂದೆ ನಿಲ್ಲಿಸುವಂತಿಲ್ಲ. ಹೀಗಾಗಿ ಮಾಲಕರು ನೇಕಾರರಿಗೆ 'ಪ್ಲೇಗು ಬೋನಸ್ಸು' ಕೊಡಲಾರಂಭಿಸಿದರು. ಕೆಲವೆಡೆ ಅದು ಪಗಾರದ ಶೇಕಡಾ 70–80ರ ವರೆಗೂ ಇದ್ದಿತು. ಸಾವಿನ ಬಾಯಿಯಲ್ಲಿ ನಿಂತು ದುಡಿದುದಕ್ಕೆ ಇದು ಹೆಚ್ಚೆನ್ನಲು ನನ್ನ ಮನಸ್ಸು ಒಪ್ಪದು. ಪ್ಲೇಗು ಶಾಂತವಾದ ಮೇಲೆ, ಫೆಬ್ರವರಿ 1918ರಲ್ಲಿ, ಬೋನಸ್ಸನ್ನು ನಿಲ್ಲಿಸುವದಾಗಿ ಮಾಲಕರು ಸಾರಿದರು. ಪ್ಲೇಗು ಹೋಯಿತು; ತುಟ್ಟಿ ಹೋಗಲಿಲ್ಲ. ಕಾಳುಕಡಿ, ಬಟ್ಟೆಬರೆಗಳ ಬೆಲೆ ಯುದ್ಧದಿಂದ ಏರಿ ಏರಿಯೇ ನಿಂತಿತ್ತು. ನೇಕಾರರು ಬೋನಸ್ಸಿನ ಬದಲು ಶೇಕಡಾ 50 ತುಟ್ಟಿ ಭತ್ತೆಯನ್ನು ಬೇಡಿದರು.

ಇವರ ಪಕ್ಷವನ್ನು ಹಿಡಿದವರು ಅನಸೂಯಾಬೆನ್ ಸಾರಾಭಾಯಿ. ಮಾಲಕರ ಮುಂದಾಳು ಅವರ ಸ್ವಂತ ತಮ್ಮ ಅಂಬಾಲಾಲ ಸಾರಾಭಾಯಿ. ಗಾಂಧಿಯವರಿಗೂ ಅಂಬಾಲಾಲರು ಮಿತ್ರರು, ಆಶ್ರಮದ ಕಷ್ಟಕಾಲದಲ್ಲಿ ದ್ರವ್ಯಸಹಾಯ ಮಾಡಿದವರು. ಮೊದಲು ಉಭಯಪಕ್ಷದವರೂ ಕೂಡಿದ ಪಂಚಾಯತಿ ಏರ್ಪಟ್ಟಿತು. ಕಾಮಗಾರರ ಪರವಾಗಿ ಗಾಂಧಿಯವರು, ವಲ್ಲಭಭಾಯಿ ಪಟೇಲರು, ಶಂಕರಲಾಲ ಬ್ಯಾಂಕರರು ಇದ್ದರು. ಅಷ್ಟರಲ್ಲಿ ಕೆಲವು ಗಿರಣಿಗಳಲ್ಲಿ ಕಾಮಗಾರರು ಅವಸರದಿಂದ ಕೆಲಸ ನಿಲ್ಲಿಸಿದರು. ಅದನ್ನೇ ನೆಪಮಾಡಿ ಮಾಲಕರು ಪಂಚಾಯತಿಯನ್ನು ಮುರಿದರು. ಫೆಬ್ರವರಿ 22ಕ್ಕೆ ಗಿರಣಿಯ ಬಾಗಿಲುಗಳು ನೇಕಾರರಿಗೆ ಮುಚ್ಚಿದವು. ಗಾಂಧಿಯವರು ಲೆಕ್ಕಪತ್ರಗಳನ್ನು ವಿಚಾರಿಸಿ, 50 ಹೆಚ್ಚಾಯಿತು, ಮಾಲಕರು ಕೊಡುವ 20 ಕಡಿಮೆಯಾಯಿತು, 35 ನ್ಯಾಯವಾದದ್ದು ಎಂದು ನೇಕಾರರನ್ನು ಒಪ್ಪಿಸಿದರು.

ಶೇಕಡಾವಾರಿಯ ಮಾತು ಒಗಟಿನಂತೆ ತೋರುವದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಸುಲಭಕ್ಕಾಗಿ ಒಬ್ಬ ನೇಕಾರನ ಮೂಲ ಪಗಾರವು ತಿಂಗಳಿಗೆ 20 ರೂಪಾಯಿ ಎಂದು ಹಿಡಿಯೋಣ. ಶೇಕಡಾ 80ರ ಬೋನಸ್ಸಿನೊಡನೆ ಅವನಿಗೆ ಪ್ಲೇಗಿನ ಕಾಲದಲ್ಲಿ 36 ರೂಪಾಯಿ ಬರುವದು. ಅವನು ಮೊದಲು ಬೇಡಿದ್ದು 30. ಗಾಂಧಿಯವರ ಮಾತಿನಂತೆ 27. ಮಾಲಕರು ಕೊಡುತ್ತೇವೆಂದದ್ದು 24. ಅಂದರೆ ಗೆದ್ದರೂ ಅವನ ಮನೆಗೆ ಹಿಂದಿನ ತಿಂಗಳಿಗಿಂತ 9 ರೂಪಾಯಿ ಕಡಿಮೆಯೇ ಬರುತ್ತಿತ್ತು. ಜಗಳವೆಲ್ಲ ನಡೆದದ್ದು 24ಕ್ಕೂ 27ಕ್ಕೂ ನಡುವಿನ 3 ರೂಪಾಯಿಯ ವಿಷಯವಾಗಿ. ಮೂರು ರೂಪಾಯಿಗಾಗಿ ಇಷ್ಟು ಹಟವೇಕೆಂದು ಹೊಟ್ಟೆತುಂಬಿದವರು ಕೇಳಬಹುದು. ತಿಂಗಳ ಕೊನೆಯ ವಾರವನ್ನು ಎಣಿಸುತ್ತ ಕಳೆದ ಮನೆಯವರು ಕೇಳಲಾರರು.

1917ರ ಜುಲೈ ಪಗಾರದ ಮೇಲೆ ಶೇಕಡಾ 35 ಸಿಗದ ಹೊರತು ಕೆಲಸಕ್ಕೆ ಹೋಗುವದಿಲ್ಲ, ಯಾರಿಗೂ ಕೇಡೆಣಿಸುವದಿಲ್ಲ ಎಂದು ನೇಕಾರರು ಪ್ರತಿಜ್ಞೆ ಮಾಡಿದರು. ಸಾಬರಮತಿಯ ದಡದಲ್ಲಿ ಜಾಲಿಯ ಮರದ ಕೆಳಗೆ ದಿನಾಲು ಸಭೆ ನೆರೆಯುತ್ತಿತ್ತು. ಅನಸೂಯಾಬೆನ್ನರ ಹೆಸರಿನಲ್ಲಿ ಕರಪತ್ರಗಳು ಹೊರಡುತ್ತಿದ್ದವು. ಭಿಕ್ಷೆಯಿಂದ ಮುಷ್ಕರ ನಡೆಸಕೂಡದೆಂದು ಗಾಂಧಿಯವರ ನಿರ್ಣಯ. ಆಗ ಆಶ್ರಮದ ನೇಯ್ಗೆ ಶಾಲೆಯ ತಳಕ್ಕೆ ಉಸುಕು ತುಂಬುವ ಕೆಲಸವಿತ್ತು. ಅನಸೂಯಾಬೆನ್ನರು ಮೊದಲ ಬುಟ್ಟಿಯನ್ನು ತಲೆಯ ಮೇಲೆ ಹೊತ್ತರು. ಅವರ ಹಿಂದೆ ಉಳಿದವರು ಹೊಳೆಯಿಂದ ಸಾಲುಗಟ್ಟಿದರು. ನೂಲಿನ ಎಳೆಯನ್ನು ಬೆರಳ ತುದಿಯಿಂದ ಅರಿಯುವ ಕಸಬುದಾರರು ಹೀಗೆ ಉಸುಕಿನ ಕೂಲಿಗಳಾದರು. ಕೂಲಿಯಲ್ಲಿ ಮೇಲುಕೀಳಿಲ್ಲವೆಂಬ ತತ್ತ್ವವನ್ನು ನಾನು ಗೌರವಿಸುತ್ತೇನೆ. ಆದರೂ ವರ್ಷಗಳಿಂದ ಕಲಿತ ಕೈಗೆ ಅದು ಶಿಕ್ಷೆಯಂತೆಯೇ ಇದ್ದೀತು.

ಮಾರ್ಚ 12ಕ್ಕೆ, ಶೇಕಡಾ 20 ಒಪ್ಪಿದವರು ಬರಬಹುದೆಂದು ಗಿರಣಿಗಳು ಬಾಗಿಲು ತೆರೆದವು. ಹಸಿವು ಪ್ರತಿಜ್ಞೆಯನ್ನು ತಿನ್ನತೊಡಗಿತು. ಗಾಂಧಿಯವರೂ ಅನಸೂಯಾಬೆನ್ನರೂ ಮೋಟಾರಿನಲ್ಲಿ ಬರುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ಸಾಯುವವರು ನಾವು ಎಂಬ ಮಾತು ಚಾಳುಗಳಲ್ಲಿ ಎದ್ದಿತು. ಅದು ಕಿವಿಗೆ ಬಿದ್ದ ಬಳಿಕ ಮಾರ್ಚ 15ಕ್ಕೆ ಗಾಂಧಿಯವರು ಉಪವಾಸವನ್ನು ಕೈಕೊಂಡರು. ಕಾಮಗಾರರನ್ನು ಪ್ರತಿಜ್ಞೆಯಲ್ಲಿ ನಿಲ್ಲಿಸುವದಕ್ಕಾಗಿ ಮಾಡಿದ ಉಪವಾಸವು ಮಿತ್ರರಾದ ಮಾಲಕರ ಮೇಲೆ ಒತ್ತಾಯವಾಗಿ ಬಿದ್ದಿತು. ಈ ದೋಷವನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಮೇರಿಕದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ನರು 1969ರಲ್ಲಿ ಈ ಪ್ರಸಂಗವನ್ನೇ ಕೇಂದ್ರವಾಗಿಟ್ಟು ದೊಡ್ಡ ಗ್ರಂಥವನ್ನು ಬರೆದರು. ಅಲ್ಲಿ ಗಾಂಧಿಯವರ ಮನಸ್ಸಿನ ಶೋಧವಿದೆ. ನನ್ನ ಕುತೂಹಲ ಪಗಾರದ್ದು.

ಮಾರ್ಚ 18ಕ್ಕೆ ಆದ ಒಡಂಬಡಿಕೆ ವಿಚಿತ್ರವಾಗಿದೆ. ಮೊದಲನೆಯ ದಿನ ನೇಕಾರರ ಪ್ರತಿಜ್ಞೆ ಉಳಿಯಲೆಂದು ಶೇಕಡಾ 35. ಎರಡನೆಯ ದಿನ ಮಾಲಕರ ಮಾತು ಉಳಿಯಲೆಂದು 20. ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವ ವರೆಗೆ ಎರಡರ ನಡುವಿನ 27½. ಮಾತು ಉಳಿಸುವ ಈ ಉಪಾಯವನ್ನು ನೋಡಿದರೆ ಮೀಮಾಂಸಕರ ವಾಕ್ಯಸಮನ್ವಯವು ನೆನಪಿಗೆ ಬರುವದು. ಪ್ರತಿಜ್ಞೆಯು ಅಕ್ಷರದಲ್ಲಿ ಉಳಿಯಿತು, ಅರ್ಥವು ಒಂದೇ ದಿನದ್ದಾಯಿತು ಎಂದು ಆಕ್ಷೇಪಿಸಿದರೆ ಅಲ್ಲವೆನ್ನಲಾಗದು.

ಮಧ್ಯಸ್ಥರಾಗಿ ಆರಿಸಲ್ಪಟ್ಟವರು ವಕೀಲರಲ್ಲ, ವ್ಯಾಪಾರಿಗಳಲ್ಲ, ಸರಕಾರದ ಅಧಿಕಾರಿಗಳೂ ಅಲ್ಲ. ಗುಜರಾತ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾದ ಆಚಾರ್ಯ ಆನಂದಶಂಕರ ಬಾಪುಭಾಯಿ ಧ್ರುವರು. ಮುಂದೆ 1930ರಲ್ಲಿ ನ್ಯಾಯಪ್ರವೇಶವನ್ನೂ, 1933ರಲ್ಲಿ ಸ್ಯಾದ್ವಾದಮಂಜರಿಯನ್ನೂ ಸಂಪಾದಿಸಿದ ಧ್ರುವರೇ ಇವರು. ಪಾಠಶಾಲೆಗಳಲ್ಲಿ ತರ್ಕವನ್ನು ಓದಿದ ನಮ್ಮಂಥವರಿಗೆ ಅವರ ಹೆಸರು ಗ್ರಂಥದ ಮುಖಪುಟದಿಂದ ಪರಿಚಿತ. ಗಿರಣಿಯ ಪಗಾರದ ಹಾಳೆಗಳನ್ನು ಮುಂದಿಟ್ಟುಕೊಂಡು ಕುಳಿತ ಧ್ರುವರು ಪರಿಚಿತರಲ್ಲ. ಸಂಸ್ಕೃತ ಓದಿದವನಿಗೆ ಲೋಕವ್ಯವಹಾರ ತಿಳಿಯದೆಂಬ ಅಪವಾದವನ್ನು ಜೀವಮಾನವೆಲ್ಲ ಕೇಳಿದ ನಾನು, ಎರಡು ಪಕ್ಷದವರೂ ತಾವಾಗಿ ಇಂಥವರೊಬ್ಬರಲ್ಲಿ ವಿಶ್ವಾಸವಿಟ್ಟರೆಂಬುದನ್ನು ಓದಿ ಹಿಗ್ಗಿದೆನೆಂದು ಹೇಳಲು ಸಂಕೋಚಪಡುವದಿಲ್ಲ. ಅವರ ತೀರ್ಪು 1918ರ ಆಗಸ್ಟದಲ್ಲಿ ಹೊರಬಿದ್ದಿತು: ಶೇಕಡಾ 35. ನಡುವಣ ತಿಂಗಳುಗಳಲ್ಲಿ ಉಳಿದ 7½ನ್ನೂ ಮಾಲಕರು ಕೊಡಬೇಕಾಯಿತು. ಮೇಲಿನ ಲೆಕ್ಕದ ನೇಕಾರನಿಗೆ ತಿಂಗಳಿಗೆ ಒಂದು ರೂಪಾಯಿ ಎಂಟಾಣೆ.

ಎರಡು ವರುಷಗಳಲ್ಲಿ, 1920ರಲ್ಲಿ, ಮಜೂರ ಮಹಾಜನ ಸಂಘವು ಹುಟ್ಟಿತು. ಕಾಯಿದೆಗಳು ನಿಧಾನವಾಗಿ ಹಿಂದಿನಿಂದ ಬಂದವು. 1922ರಲ್ಲಿ ದುಡಿತವು ವಾರಕ್ಕೆ 60 ತಾಸಿಗೆ ಇಳಿಯಿತು. 1936ರ ಪಗಾರ ಪಾವತಿ ಕಾಯಿದೆಯು ದಂಡವನ್ನು ರೂಪಾಯಿಗೆ ಅರ್ಧಾಣೆಗಿಂತ ಹೆಚ್ಚಿಸಕೂಡದೆಂದಿತು. 1948ರಲ್ಲಿ ವಾರಕ್ಕೆ 48 ತಾಸು ಗೊತ್ತಾಯಿತು. ಅಹಮದಾಬಾದಿನ ಆ ಗಿರಣಿಗಳಲ್ಲಿ ಬಹಳಷ್ಟು 1980ರಿಂದೀಚೆಗೆ ಮುಚ್ಚಿಹೋದವು. ಹತ್ತಾರು ಸಾವಿರ ಜನರ ಕೆಲಸವೂ ಹೋಯಿತು.

ಆದರೆ ಆ ತೀರ್ಪನ್ನು ಕೊಂಡಾಡುವವರು ಸಾಮಾನ್ಯವಾಗಿ ದಾಟಿಹೋಗುವ ವಿಷಯವೊಂದಿದೆ. 1918ರ ವ್ಯಾಜ್ಯವು ನೇಯುವ ಖಾತೆಯದು. ಅಸ್ಪೃಶ್ಯರೆನಿಸಿದವರು ಅಹಮದಾಬಾದಿನಲ್ಲಿಯೂ ಮುಂಬಯಿಯಲ್ಲಿಯೂ ನೂಲುವ ಖಾತೆಯಲ್ಲಿದ್ದರು. ಹೆಚ್ಚು ಪಗಾರದ ನೇಯುವ ಖಾತೆಗೆ ಅವರಿಗೆ ಪ್ರವೇಶವಿರಲಿಲ್ಲ. ಗುಜರಾತದಲ್ಲಿ ಅವರೊಳಗಿನ ಒಂದು ದೊಡ್ಡ ಜಾತಿಯ ಹೆಸರು ವಣಕರ, ಎಂದರೆ ನೇಕಾರ. ತಲೆತಲಾಂತರದಿಂದ ಕೈಮಗ್ಗದಲ್ಲಿ ನೆಯ್ದವರನ್ನು ಯಂತ್ರಮಗ್ಗದಿಂದ ದೂರವಿಟ್ಟದ್ದಕ್ಕೆ ಹೇಳುತ್ತಿದ್ದ ಕಾರಣ ಇದು: ಕಂಡಿಕೆ ಬದಲಿಸುವಾಗ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕು, ಒಬ್ಬರು ಬಾಯಿಟ್ಟ ಲಾಳಿಗೆ ಇನ್ನೊಬ್ಬರು ಬಾಯಿಡಬೇಕು, ಎಂಜಲಾಗುವದು, ಮೈಲಿಗೆಯಾಗುವದು. ಯಾವ ಕಾಯಿದೆಯಲ್ಲಿಯೂ ಇದು ಬರೆದಿರಲಿಲ್ಲ. ನಮ್ಮ ಧರ್ಮಶಾಸ್ತ್ರದ ಶುದ್ಧಿಪ್ರಕರಣಗಳನ್ನು ಬಾಯಿಪಾಠ ಮಾಡಿದ ನಾನು ಹೇಳುತ್ತೇನೆ: ಇಲ್ಲಿ ಕಾದದ್ದು ಶುದ್ಧಿಯನ್ನಲ್ಲ, ಪಗಾರವನ್ನು. 1928ರ ಮುಂಬಯಿ ಗಿರಣಿಗಳ ಮುಷ್ಕರದ ಕಾಲದಲ್ಲಿ ಡಾ. ಅಂಬೇಡಕರರು ನೇಯುವ ಖಾತೆಯ ಬಾಗಿಲು ತೆರೆಯಬೇಕೆಂದು ಕೇಳಿದಾಗ ಈ ಮಾತು ಬಯಲಿಗೆ ಬಂದಿತು. ಬಾಯಿಂದ ಹೀರುವ ಲಾಳಿಯನ್ನು ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು ರೋಗ ಹರಡುವದೆಂಬ ಕಾರಣದಿಂದ 1911ರಲ್ಲಿಯೇ ನಿಷೇಧಿಸಿತ್ತು. ಕೈಯಿಂದ ನೂಲು ಪೋಣಿಸುವ ಲಾಳಿಗಳು ಆಗಲೇ ಪೇಟೆಯಲ್ಲಿದ್ದವು.