ವಿಆರ್ ಸೌರಮಂಡಲದಲ್ಲಿ ಕಾಣುವ ದೂರ ನಿಜವೇ?

ಹೇಳಿಕೆ: ವಿಆರ್ ಕನ್ನಡಕ ಹಾಕಿದರೆ ಸೌರಮಂಡಲ ಇದ್ದ ಹಾಗೆಯೇ ಕಾಣುತ್ತದೆ.

ವಾಸ್ತವ: ಪೂರ್ತಿ ನಿಜವಲ್ಲ. ಪಾಠಕ್ಕೆಂದು ಮಾಡುವ ಸಿಮ್ಯುಲೇಶನ್‌ಗಳಲ್ಲಿ ಸಾಮಾನ್ಯವಾಗಿ ಗ್ರಹಗಳನ್ನು ಹಿಗ್ಗಿಸಿ, ದೂರವನ್ನು ಕುಗ್ಗಿಸಿರುತ್ತಾರೆ.

ಯಾಕೆ?
ವಿಜಯಪುರದ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲವಿದೆ. ಅದನ್ನೇ ಸೂರ್ಯ ಎಂದುಕೊಳ್ಳಿ. ಆಗ ಭೂಮಿ 40 ಸೆಂ.ಮೀ. ಅಗಲದ ಚೆಂಡು, ಅದು ಇರುವುದು 4.7 ಕಿ.ಮೀ. ದೂರದಲ್ಲಿ. 4.5 ಮೀಟರ್ ಅಗಲದ ಗುರು ಗ್ರಹ ಸಿಗಬೇಕಾದರೆ ಸುಮಾರು 25 ಕಿ.ಮೀ., ಅಂದರೆ ತಿಕೋಟಾ, ಬಬಲೇಶ್ವರದ ಆಸುಪಾಸಿಗೆ ಹೋಗಬೇಕು. ನೆಪ್ಚೂನ್ 140 ಕಿ.ಮೀ. ಆಚೆ. ನಡುವೆ ಬಹುತೇಕ ಖಾಲಿ. ಇದೇ ಅಳತೆಯಲ್ಲಿ ವಿಆರ್ ಮಾಡಿದರೆ ಗ್ರಹಗಳು ಬರೀ ಚುಕ್ಕೆಗಳಾಗುತ್ತವೆ.

ಇದರಿಂದ ತೊಂದರೆ ಏನು?
ಚಂದ್ರ ಭೂಮಿಗೆ ಅಂಟಿಕೊಂಡಂತೆ ಕಂಡರೆ, ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂಬುದು ಮಕ್ಕಳಿಗೆ ಅರ್ಥವಾಗುವುದಿಲ್ಲ. ನಮ್ಮ ಅಳತೆಯಲ್ಲಿ ಅವೆರಡರ ನಡುವೆ 12 ಮೀಟರ್ ಅಂತರವಿದೆ.

ಪರೀಕ್ಷಿಸುವುದು ಹೇಗೆ?
ಆಕಾಶದಲ್ಲಿ ಸೂರ್ಯ, ಚಂದ್ರ ಎರಡೂ ಸುಮಾರು ಅರ್ಧ ಡಿಗ್ರಿ ಅಗಲ ಕಾಣುತ್ತವೆ. ಚಾಚಿದ ಕೈಯ ಕಿರುಬೆರಳು ಹುಣ್ಣಿಮೆ ಚಂದ್ರನನ್ನು ಮುಚ್ಚಿಬಿಡುತ್ತದೆ. ವಿಆರ್‌ನಲ್ಲಿ ಭೂಮಿಯ ಮೇಲೆ ನಿಂತಾಗ ಸೂರ್ಯ ಅದಕ್ಕಿಂತ ಬಹಳ ದೊಡ್ಡದಾಗಿ ಕಂಡರೆ ಅಳತೆ ಬದಲಾಗಿದೆ ಎಂದರ್ಥ.

ತೀರ್ಮಾನ: ವಿಆರ್ ಒಳ್ಳೆಯ ಪಾಠ ಸಾಧನ. ಆದರೆ ‘ನಿಜ ಅಳತೆ’ ತೋರಿಸುವ ಬಟನ್ ಕೂಡ ಅದರಲ್ಲಿರಬೇಕು.