ನಾಲ್ಕು ಡಿಗ್ರಿ ಮೇಲಿನ ಧ್ರುವ

1983ರಲ್ಲಿ ಬ್ಯಾಂಕಿನ ನೇಮಕಪತ್ರ ಹಿಡಿದು, ಮಿರಜದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಬಂದವನು ನಾನು. ಊರು ಗದಗ ಜಿಲ್ಲೆಯ ಶಿರಹಟ್ಟಿ ಕಡೆಯದು. ಸುಗ್ಗಿಯಲ್ಲಿ ಜೋಳದ ಕಣ ಕಾಯಲು ಅಪ್ಪನ ಜೊತೆ ಮಲಗುತ್ತಿದ್ದೆ. ಒಮ್ಮೆ ಕತ್ತಲಲ್ಲಿ ಹಕ್ಕಿಗಳ ಹಿಂಡು ಕೂಗುತ್ತ ಹೋದಾಗ, "ಇವಕ್ಕ ದಾರಿ ಯಾರು ಹೇಳತಾರ?" ಎಂದು ಕೇಳಿದೆ. ಅಪ್ಪ ಧ್ರುವನನ್ನು ತೋರಿಸಿ, "ಅಂವ ಒಬ್ಬ ಅಲುಗಾಡೂದಿಲ್ಲ. ಉಳದವ್ರೆಲ್ಲ ಅವನ ಸುತ್ತ ತಿರಗತಾರ. ಅಷ್ಟು ತಿಳಕೊಂಡ್ರ ಸಾಕು" ಅಂದಿದ್ದ.

ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಈ ಉತ್ತರ ಪೂರ್ತಿ ಸಲ್ಲದು. ಅವುಗಳ ಮರಿಗಳು ತಂದೆತಾಯಿಯ ಸಂಗಡವೇ ಹಾರಿ ದಾರಿ ಕಲಿಯುತ್ತವೆ. ಆದರೆ ಎಷ್ಟೋ ಸಣ್ಣ ಹಕ್ಕಿಗಳು ಮೊದಲ ವರ್ಷವೇ, ಹಿರಿಯರ ಬೆನ್ನು ಹಿಡಿಯದೆ, ರಾತ್ರಿ ಹೊರಡುತ್ತವೆ. ಅವುಗಳ ವಿಷಯದಲ್ಲಿ ಅಪ್ಪನ ಮಾತು ಎಷ್ಟು ನಿಜವೆಂಬುದು ನಿವೃತ್ತಿಯ ನಂತರ ಓದುವಾಗ ತಿಳಿಯಿತು.

ಶೋಧದ ಆರಂಭ ಜರ್ಮನಿಯಲ್ಲಿ. 1950ರ ದಶಕದಲ್ಲಿ ಫ್ರಾಂಟ್ಸ್ ಸಾವರ್ ದಂಪತಿ ಉಲಿಯಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ನೋಡಿದರು. ಕೃತಕ ಆಕಾಶದ ಕೆಳಗೂ ಅವು ವಲಸೆಯ ದಿಕ್ಕಿಗೇ ತಿರುಗಿದವು. ನಕ್ಷತ್ರದ ನಕ್ಷೆ ಹುಟ್ಟಿನಿಂದಲೇ ಬಂದಿರಬೇಕೆಂದು ಸಾವರ್ ನಂಬಿದರು.

ಅಮೆರಿಕದ ಸ್ಟೀಫನ್ ಎಮ್ಲೆನ್ ಅಷ್ಟಕ್ಕೆ ಬಿಡಲಿಲ್ಲ. 1966ರಲ್ಲಿ ಅವರು ತಮ್ಮ ತಂದೆ ಜಾನ್ ಎಮ್ಲೆನ್ ಜೊತೆ ಸೇರಿ ಒಂದು ಉಪಕರಣ ಪ್ರಕಟಿಸಿದರು. ನಮ್ಮಂಥ ಬ್ಯಾಂಕಿನವರಿಗೆ ಅದು ನೋಡಿದ ಕೂಡಲೇ ಅರ್ಥವಾಗುತ್ತದೆ: ತಳದಲ್ಲಿ ಇಂಕ್ ಪ್ಯಾಡು, ಸುತ್ತ ಬ್ಲಾಟಿಂಗ್ ಪೇಪರಿನ ಆಲಿಕೆ, ಮೇಲೆ ಜಾಲರಿ. ಹಾರಲು ತವಕಿಸುವ ಹಕ್ಕಿ ಯಾವ ಕಡೆ ಜಿಗಿಯುತ್ತದೋ ಆ ಕಡೆ ಹೆಜ್ಜೆಯ ಮಸಿ. ಬೆಳಗ್ಗೆ ಕಾಗದ ಬಿಚ್ಚಿದರೆ ರಾತ್ರಿಯ ಲೆಕ್ಕವೆಲ್ಲ ಅಲ್ಲೇ!

1970ರಲ್ಲಿ ಎಮ್ಲೆನ್ ಪ್ರಕಟಿಸಿದ ಪ್ರಯೋಗ ಇನ್ನೂ ಸೊಗಸು. ಇಂಡಿಗೊ ಬಂಟಿಂಗ್ ಎಂಬ ನೀಲಿ ಹಕ್ಕಿಯ ಮರಿಗಳನ್ನು ಕೈತುತ್ತು ಹಾಕಿ ಬೆಳೆಸಿ ಮೂರು ಗುಂಪು ಮಾಡಿದರು. ಒಂದಕ್ಕೆ ಚುಕ್ಕಿಯನ್ನೇ ತೋರಿಸಲಿಲ್ಲ. ಇನ್ನೊಂದಕ್ಕೆ ಧ್ರುವನ ಸುತ್ತ ತಿರುಗುವ ಸಹಜ ಆಕಾಶ. ಮೂರನೆಯದಕ್ಕೆ ಸುಳ್ಳು ಆಕಾಶ. ಅದು ತಿರುಗುತ್ತಿದ್ದುದು ಬೀಟಲ್‌ಜೂಸ್, ಅಂದರೆ ನಮ್ಮ ರೈತರ ಮಳೆನಕ್ಷತ್ರ ಆರಿದ್ರಾದ ಸುತ್ತ. ಶರತ್ಕಾಲದಲ್ಲಿ ಎರಡನೆಯ ಗುಂಪು ಧ್ರುವನಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ಜಿಗಿಯಿತು. ಮೂರನೆಯದು ಆರಿದ್ರಾಕ್ಕೆ ಬೆನ್ನು ಮಾಡಿತು. ಚುಕ್ಕಿ ಕಾಣದವುಗಳಿಗೆ ದಿಕ್ಕೇ ತೋಚಲಿಲ್ಲ. ಅಂದರೆ ನಕ್ಷೆ ಹುಟ್ಟಿನಿಂದ ಬರುವುದಿಲ್ಲ. ಅಲುಗಾಡದ ಜಾಗ ಹುಡುಕಬೇಕೆಂಬ ಬುದ್ಧಿಯಷ್ಟೇ ಬರುತ್ತದೆ. ಕಲಿಯುವುದು ಗೂಡು ಬಿಟ್ಟು ಪ್ರಯಾಣ ಹೊರಡುವ ನಡುವಿನ ಕೆಲವು ವಾರಗಳಲ್ಲಿ.

ನಮ್ಮ ಕಡೆಯ ಪ್ರಸಿದ್ಧ ವಲಸಿಗರು ಫ್ಲೆಮಿಂಗೊಗಳು. ಅವನ್ನು ಆಲಿಕೆಯಲ್ಲಿ ಕೂಡಿಸಲಾದೀತೆ? ಆದರೂ ಅವು ದೂರ ಹಾರುವುದು ಹೆಚ್ಚಾಗಿ ರಾತ್ರಿಯೇ. ಠಾಣೆ ಖಾಡಿ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಕೆಳಗೆ ಕೆಸರಿಗೆ ರಕ್ಷಣೆ ಸಿಕ್ಕಿತು. ಮೇಲಿನ ಕತ್ತಲೆಗೆ ಯಾರೂ ಫಲಕ ಹಾಕಲಿಲ್ಲ. 2024ರ ಮೇ 20ರ ರಾತ್ರಿ ಘಾಟಕೋಪರದ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 30ಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತವು. ಅದಕ್ಕೆ ದೀಪ ಕಾರಣವೆನ್ನುತ್ತಿಲ್ಲ. ಆದರೆ ರಾತ್ರಿ ಹಾರುವ ಹಕ್ಕಿಗಳನ್ನು ನಗರದ ಬೆಳಕು ದಾರಿ ತಪ್ಪಿಸಿ ಎಳೆಯುತ್ತದೆಂಬುದು ಸಾಬೀತಾದ ಮಾತು.

ಡೊಂಬಿವಲಿಯಲ್ಲಿ 2006ರ ಸುಮಾರಿಗೆ ತಾಸುಗಟ್ಟಲೆ ಲೋಡ್ ಶೆಡ್ಡಿಂಗ್. ನಾವೆಲ್ಲ ಬೈಯುತ್ತ ಟೆರೇಸಿಗೆ ಹೋಗುತ್ತಿದ್ದೆವು. ಮಗಳಿಗೆ ನಾನು ಧ್ರುವನನ್ನು ತೋರಿಸಿದ್ದು ಆಗಲೇ. ಈಗ ಅವಳು ನೆರೂಳದಲ್ಲಿದ್ದಾಳೆ. ಅಲ್ಲಿ ಕರೆಂಟು ಹೋಗುವುದಿಲ್ಲ.

ಧ್ರುವ ಕ್ಷಿತಿಜದಿಂದ ಎಷ್ಟು ಡಿಗ್ರಿ ಎತ್ತರವೋ, ಊರಿನ ಅಕ್ಷಾಂಶವೂ ಸುಮಾರಾಗಿ ಅಷ್ಟೇ. ನಮ್ಮೂರಲ್ಲಿ 15, ಇಲ್ಲಿ 19. ನಾಲ್ಕು ದಶಕದಲ್ಲಿ ನಾನು ಏರಿದ್ದು ನಾಲ್ಕೇ ಡಿಗ್ರಿ! ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಹತ್ತು ಡಿಗ್ರಿ.

ಕಳೆದ ಚಳಿಗಾಲ ಮೊಮ್ಮಗನನ್ನು ಊರಿಗೆ ಕರೆದೊಯ್ದಿದ್ದೆ. ಹೊಲದಲ್ಲಿ ನಿಂತು ಮುಷ್ಟಿ ಎತ್ತಿ ಅಳೆದ. "ಅಜ್ಜಾ, ಒಂದೂವರೆ ಮುಷ್ಟಿ! ನಮ್ಮನೇಲಿ ಎಷ್ಟು?"

"ಎರಡಕ್ಕ ತುಸು ಕಡಿಮಿ" ಎಂದೆ. "ಆದರ ಅಲ್ಲಿ ಮುಂದ ಇಪ್ಪತ್ತು ಮಾಳಿಗಿ ಬಿಲ್ಡಿಂಗ್ ಐತಲ್ಲೋ."